ಕತ್ತರಿ ಕೊಡಿ

ಮಾನ್ಯ ಅಧ್ಯಕ್ಷರೇ, ಮುಂದಿನ ಸಾಲಿನ ಅತಿಥಿಗಳೇ, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲೇ ಬಂದು ಕುಳಿತಿರುವ ಸಭಿಕರೇ,

ನಮ್ಮ ಆಸ್ಪತ್ರೆಯ ಮುಖ್ಯ ಸರ್ಜನ್ ಅವರನ್ನು ನಿನ್ನೆ ಸಂಜೆ ಅಮಾನತು ಮಾಡಲಾಗಿದೆ. ನನಗೆ ಇದನ್ನು ತಿಳಿಸಿದವರು ಲಿಫ್ಟ್ ನಡೆಸುವ ಅಣ್ಣ. ನೋಟಿಸ್ ಬೋರ್ಡಿಗೆ ಗೊತ್ತಾದದ್ದು ಆಮೇಲೆ. ದೂರು ಕೊಟ್ಟವಳು ನಾನು.

ಈ ವಾರ್ಷಿಕೋತ್ಸವದಲ್ಲಿ ನನಗೆ ಉತ್ತಮ ನರ್ಸ್ ಎಂಬ ಫಲಕ ಕೊಟ್ಟಿದ್ದೀರಿ. ವೇದಿಕೆ ಹತ್ತುವಾಗ ಅಧ್ಯಕ್ಷರು, "ಅದೊಂದು ವಿಷಯ ಬಿಟ್ಟು ಏನ್ ಬೇಕಾದ್ರೂ ಮಾತಾಡಮ್ಮ" ಅಂದರು. ಕ್ಷಮಿಸಿ ಸಾರ್, ನನಗೆ ಚೆನ್ನಾಗಿ ಗೊತ್ತಿರುವುದು ಅದೊಂದೇ ವಿಷಯ.

ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ನನ್ನನ್ನು ಕರೆಯುತ್ತಿದ್ದದ್ದು ಏಕವಚನದಲ್ಲಿ. ಅದಕ್ಕೆ ನನ್ನ ತಕರಾರಿರಲಿಲ್ಲ. ಕತ್ತರಿ ಕೈಗೆ ಬರುವುದು ಅರೆಗಳಿಗೆ ತಡವಾದರೆ ಮಾತ್ರ ಬಹುವಚನ. "ಮಹಾರಾಣಿಯವರೇ, ಬಿಡುವಾದಾಗ ಕತ್ತರಿ ಕೊಡಿ." ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮಾಸ್ಕ್ ಒಳಗೆ ಯಾರು ನಕ್ಕರು, ಯಾರು ತುಟಿ ಕಚ್ಚಿದರು, ಯಾರಿಗೆ ಕಾಣುತ್ತದೆ? ಒಂದು ದಿನ ಅದೇ ಕತ್ತರಿಯ ಹಿಡಿಯಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದರು. ಆಗಲೂ ನಗು. ಸಂಜೆ ಕರೆದು, "ನೀನು ನನ್ನ ಮಗಳಿದ್ದ ಹಾಗೆ. ಬೇರೆಯವರಿಗಾದ್ರೆ ಇಷ್ಟು ಹೇಳ್ತೀನಾ?" ಎಂದರು. ನಾನು ಥ್ಯಾಂಕ್ಸ್ ಹೇಳಿ ಬಂದೆ.

ಮನೆಯಲ್ಲಿ ಅಮ್ಮನದು ಗಾದೆ. "ಬೈದು ಹೇಳ್ದೋರು ಬದುಕೋಕೆ ಹೇಳಿದ್ರು, ನಕ್ಕು ಹೇಳ್ದೋರು ಕೆಡೋಕೆ ಹೇಳಿದ್ರು. ಸಹಿಸ್ಕೊಳ್ಳೇ."

"ಅಮ್ಮ, ಇವರು ನಗ್ತಾನೇ ಬೈತಾರೆ, ನಗ್ತಾನೇ ಹೊಡೀತಾರೆ. ನಿನ್ನ ಗಾದೆ ಯಾವ ಕಡೆ?"

ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಎಲ್ಲಿ, ಕೈ ತೋರಿಸು" ಅಂದಳು.

ಊದಿದ ಗೆಣ್ಣನ್ನು ನಾನೂ ಸರಿಯಾಗಿ ನೋಡಿದ್ದು ಆಗಲೇ. ಮಾರನೆಯ ದಿನ ದೂರು ಬರೆದೆ.

ನನ್ನನ್ನು ಬೇರೆ ಥಿಯೇಟರಿಗೆ ಹಾಕಿದರು. ಅಲ್ಲಿನ ಡಾಕ್ಟರಮ್ಮ ಮೊದಲ ದಿನ, "ಸಿಸ್ಟರ್, ಕತ್ತರಿ ಕೊಡಿ" ಎಂದರು. ಬಹುವಚನ ಕೇಳಿದ್ದೇ ಕೈ ಹಿಂದಕ್ಕೆಳೆದುಕೊಂಡೆ, ಕತ್ತರಿ ನೆಲಕ್ಕೆ ಬಿತ್ತು. ನಗು ಬರಲಿ ಎಂದು ಕಾದೆ. ಬರಲಿಲ್ಲ. "ಇನ್ನೊಂದು ಕೊಡಿ" ಎಂದರು, ಅಷ್ಟೇ. 'ಕೊಡಿ' ಎಂದರೆ 'ಕೊಡಿ' ಎಂದಷ್ಟೇ ಅರ್ಥ ಎಂಬುದನ್ನು ನಾನು ಹೊಸದಾಗಿ ಕಲಿಯಬೇಕಾಯಿತು. ಆ ಅಂಜಿಕೆ ಒಂದೇ ಸಲಕ್ಕೆ ಹೋಗಲಿಲ್ಲ. ಈಗಲೂ ಕೆಲವು ದಿನ ಬರುತ್ತದೆ. ಬಂದರೂ ಕತ್ತರಿ ಬೀಳುವುದಿಲ್ಲ.

ವಿಚಾರಣೆಯಲ್ಲಿ ನನ್ನದೊಂದೇ ಸಾಕ್ಷಿಯಾದರೆ ಸರ್ಜನ್ ಕೆಲಸಕ್ಕೆ ಮರಳುವುದು ಖಚಿತ ಎಂದು ಆಡಳಿತ ಕಚೇರಿಯವರು ಹೇಳಿದ್ದಾರೆ. ಹಾಗಾದರೆ ಅವರ ಪಕ್ಕದಲ್ಲಿ ನಾಳೆ ಯಾರು ನಿಲ್ಲುತ್ತಾರೆ? ಈ ವರ್ಷ ಸೇರಿದ ಹುಡುಗಿಯರೇ ಅಲ್ಲವೇ? ಅಂದು ಜೊತೆಗೆ ನಕ್ಕವರು ಈ ಸಭಾಂಗಣದಲ್ಲಿದ್ದೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ನಾನೂ ನಕ್ಕವಳೇ. ಕಂಡದ್ದನ್ನು ಹೇಳಿ, ಸಾಕು.

ಫಲಕಕ್ಕೆ, ನನ್ನ ಮೈಕ್ ಕಿತ್ತುಕೊಳ್ಳದ ಅಧ್ಯಕ್ಷರ ತಾಳ್ಮೆಗೆ ವಂದನೆಗಳು. ವಿಚಾರಣೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಎರಡನೇ ಮಹಡಿಯಲ್ಲಿ. ಮಾಸ್ಕ್ ಬೇಕಾಗಿಲ್ಲ. ನಮಸ್ಕಾರ.