ಆಪ್ತರು: ಯಾರೂ ಇಲ್ಲ

"ಹಲೋ... ಯಾರು, ಹಿಸ್ಕನಾ? ಹಾಂ, ನಾನು, ವೀಬ. ಕಾಲುವೆ ಪಕ್ಕದ ಮನೆ ವೀಬ... ಇಲ್ಲ, ಬಿದ್ದಿಲ್ಲ ಕಣಮ್ಮಾ. ಮೂಳೆಗಳೆಲ್ಲ ಅವವುಗಳ ಜಾಗದಲ್ಲೇ ಇವೆ."

ಎಂಬತ್ತಮೂರರ ವೀಬ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಮನೆಗೆ ಬರುವ ದಾದಿಯರು ಬರೆದಿಟ್ಟು ಹೋಗುವ ನೀಲಿ ಕಡತ ಎದುರಿಗೆ ತೆರೆದಿತ್ತು.

"ಇವತ್ತು ನಿನ್ನ ಬದಲು ಬೇರೆ ಯಾರೋ ದಾದಿ ಬಂದು, ಕಾಲು ಊದದ ಹಾಗೆ ಹಾಕೋ ನನ್ನ ಬಿಗಿ ಕಾಲುಚೀಲ ಹಾಕಿದ್ಲು. ಕಾಫಿ ಬೇಡ ಅಂದ್ಲು. ಇನ್ಮೇಲೆ ತಾನೇ ಬರೋದಂತೆ... ಹಾಂ? ನಿನಗೆ ಮೊದಲೇ ಗೊತ್ತಿತ್ತಾ?"

...

"ಹೌದು, ನೀನು ನನ್ನ ಕೇಳಿ ಕೇಳಿ ತುಂಬಿಸಿದ ಖಿನ್ನತೆ ಪ್ರಶ್ನೆಗಳ ಹಾಳೆ ಓದಿದೆ. ಯಾಕೆ, ಓದಬಾರ್ದಾ? ನನ್ನ ಮೇಜಿನ ಮೇಲಿದೆ, ನನ್ನ ಹೆಸರೇ ಇದೆ, ಅಲ್ವಾ?"

...

"ನಿದ್ದೆ ಇಲ್ಲ, ಹೌದು. ಹೆಂಡತಿ ಹೋದ್ಮೇಲೆ ಊಟ ಸೇರಲ್ಲ, ಹೌದು. ಬೆಳಿಗ್ಗೆ ಯಾಕಾದ್ರೂ ಏಳ್ಬೇಕೋ ಅನ್ಸುತ್ತೆ, ಹೌದು. ಇದನ್ನೆಲ್ಲ ಪಾದ್ರಿಗೂ ಹೇಳಿರ್ಲಿಲ್ಲ, ನಿನಗೆ ಹೇಳಿದ್ದೆ... ಅಯ್ಯೋ, ಬರೆದಿದ್ದಕ್ಕೆ ಸಿಟ್ಟಿಲ್ಲಮ್ಮಾ, ಅದು ನಿನ್ನ ಕೆಲಸ. ಹನ್ನೊಂದನೇ ಪ್ರಶ್ನೆ ಇದೆಯಲ್ಲ, ನನ್ನ ತಕರಾರು ಅದೊಂದೇ."

ಆ ಸಾಲಿನ ಕೆಳಗೆ ಬೆರಳಿಟ್ಟು ಅವನು ನಿಧಾನವಾಗಿ ಓದಿದ.

"'ಮನಸ್ಸು ಬಿಚ್ಚಿ ಮಾತಾಡಲು ಯಾರಿದ್ದಾರೆ?' ಅದಕ್ಕೆ ನಿನ್ನ ಅಕ್ಷರ: 'ಯಾರೂ ಇಲ್ಲ'."

...

"ನಿಯಮನಾ? ಸಂಬಳಕ್ಕೆ ಬರೋರು ಲೆಕ್ಕಕ್ಕಿಲ್ವಾ? ಓಹೋ! ಕಾಲುಚೀಲ ಎಳೆಯೋಕೆ ನಾಲ್ಕು ನಿಮಿಷ ಸಾಕು. ಮೂರು ವರ್ಷದಿಂದ ಅರ್ಧರ್ಧ ಗಂಟೆ ನನ್ನೆದುರು ಕೂತಿದ್ದೋರು ಯಾರು? ನಿನ್ನ ತಮ್ಮನ ಕುಡಿತದ ವಿಷಯ ಅತ್ಕೊಂಡು ಹೇಳಿದ್ದು ಯಾರಿಗೆ? ನಾನೇನು ಸಂಬಳ ತಗೊಂಡು ಕೇಳಿದ್ನಾ?"

...

"ಅಳ್ಬೇಡ. ನನಗೆ ಉತ್ತರ ಬೇಕು. ನಲವತ್ತು ವರ್ಷ ದೋಣಿ ಬಂದಾಗೆಲ್ಲ ಕಾಲುವೆ ಸೇತುವೆ ಮೇಲೆತ್ತಿ ದಾರಿ ಬಿಟ್ಟು, ಲೆಕ್ಕ ಬರೆದಿಟ್ಟೋನು ನಾನು. ಕಣ್ಣೆದುರು ದಾಟಿದ ದೋಣಿನ ಒಂದಿನಾನೂ ದಾಟ್ಲಿಲ್ಲ ಅಂತ ಬರೆದಿಲ್ಲ... ಏನಂದೆ? ನೀನೇ ಬೇರೆಯವರನ್ನ ಹಾಕಿ ಅಂತ ಕೇಳ್ಕೊಂಡ್ಯಾ? ನೀನೇನಾ?"

ವೀಬ ಕಡತದ ಪಕ್ಕದಲ್ಲಿದ್ದ ಪೆನ್ನು ಎತ್ತಿಕೊಂಡ. ಅವನ ದನಿ ತಗ್ಗಿತ್ತು.

"ನನ್ನ ದುಃಖ ಕೇಳೋದು ಭಾರ ಆಯ್ತಾ ನಿನಗೆ... ಸರಿ. ಕೇಳು, ಪೆನ್ನು ಕೈಲಿದೆ. 'ಯಾರೂ ಇಲ್ಲ' ಅನ್ನೋದನ್ನ ಹೊಡೆದು ನಿನ್ನ ಹೆಸರು ಬರೀತೀನಿ. ಅದು ಸುಳ್ಳಾದ್ರೆ ಸುಳ್ಳು ಅಂತ ಹೇಳ್ಬಿಡು, ಬರೆಯಲ್ಲ... ಬರೀಲಾ, ಬೇಡ್ವಾ? ಹಿಸ್ಕ?..."

ವೀಬ ಪೆನ್ನಿನ ಮೊನೆಯನ್ನು 'ಯಾರೂ ಇಲ್ಲ' ಎಂಬುದರ ಮೇಲಿಟ್ಟ. ಆ ಕಡೆ ಹಿಸ್ಕ ಫೋನ್ ಇಟ್ಟುಬಿಟ್ಟಳು.