ಅಂಗೈಯಗಲದ ಕಿಂಡಿ

ಆ ಫ್ಯಾನ್ ಒಮ್ಮೆ ನಿಲ್ಲಿಸಿ. ಇಲ್ಲದಿದ್ದರೆ ನಾನು ಹೇಳುವ ಸದ್ದು ನಿಮಗೆ ಗೊತ್ತಾಗುವುದಿಲ್ಲ.

ನನ್ನ ದೊಡ್ಡಮ್ಮನ ಮಗಳು ಚಂದ್ರಾವತಿ, ಬ್ಯಾಂಕಿನವಳು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಮನೆ. ಹೋದ ಮಾರ್ಚ್ ಕೊನೆಗೆ ಕೆಲಸ ಮುಗಿಸಿ ತಡವಾಗಿ ನಡೆದು ಬರುತ್ತಿದ್ದಳು. ಹಿತ್ತಲಿನ ಬಾವಿ ದಾಟುವಾಗ... ಟಕ್. ಟಕ್. ಬೆರಳ ಗೆಣ್ಣಿನಿಂದ ಹಲಗೆ ಬಡಿದ ಹಾಗೆ. ಮನೆಯ ಒಳಗಿಂದ.

ಮಲಗುವ ಕೋಣೆಯ ಗೋಡೆಯಲ್ಲಿದ್ದ ಕಿಂಡಿಯದೇ ಸದ್ದು ಅಂತ ಅವಳಿಗೆ ಗೊತ್ತಾಯಿತು.

ಅದನ್ನು ಮಾಡಿಸಿದ್ದು ಅವಳ ಗಂಡ ಜಯಪ್ರಕಾಶ ಭಾವನ ಮೊದಲ ಹೆಂಡತಿ ಕಲ್ಯಾಣಿ. ಸ್ವಿಟ್ಜರ್ಲೆಂಡಿನ ಒಂದು ಪುಟ್ಟ ಹಳ್ಳಿಯ ಚರಿತ್ರೆ ಬರೆಯಲಿಕ್ಕೆ ಅಲ್ಲೇ ಹೋಗಿ ಇದ್ದವಳು. ಜನರಿಗಿಂತ ದನಗಳೇ ಹೆಚ್ಚಿರುವ, ಮಾರ್ಚಿನಲ್ಲೂ ಹಿಮದಲ್ಲಿ ಕಾಲು ಹೂತುಹೋಗುವ ಊರಂತೆ. ಅಲ್ಲಿನ ಹಳೇ ಮನೆಗಳ ಗೋಡೆಯಲ್ಲಿ ಅಂಗೈಯಗಲದ ಕಿಂಡಿ, ಅದಕ್ಕೊಂದು ಮರದ ಮುಚ್ಚಳ. ಯಾರಾದರೂ ಸತ್ತಾಗ ಮಾತ್ರ ತೆಗೆಯುವುದು, ಜೀವ ಹೊರಗೆ ಹೋಗಲಿ ಅಂತ. ಹೋದ ಕೂಡಲೇ ಮುಚ್ಚುವುದು. ಕಲ್ಯಾಣಿ ಮರಗೆಲಸದ ಆಶಾರಿಯನ್ನು ಕರೆಸಿ ತನ್ನ ಮಲಗುವ ಕೋಣೆಗೂ ಅಂಥದ್ದೇ ಮಾಡಿಸಿದಳು. ಅದೇ ಕೋಣೆಯಲ್ಲಿ ತೀರಿಕೊಂಡಳು. ಭಾವ ಕಿಂಡಿ ತೆಗೆಯಲಿಲ್ಲ. ಅವಳು ಹೋಗಿಬಿಟ್ಟರೆ ಎಂಬ ಭಯ.

ಆಮೇಲೆ ಚಂದ್ರಕ್ಕನನ್ನು ಮದುವೆಯಾದರು. ಎಂತ ಸುಖ? ಊಟಕ್ಕೆ ಕೂತರೆ ಆ ಊರಿನದೇ ಮಾತು. ಹಿಮ ಜಾರಿ ಇಗರ್ಜಿ ಮುಚ್ಚಿಹೋದದ್ದು, ಬರ ಬಂದು ಅರ್ಧ ಊರೇ ಅಮೆರಿಕದ ಹಡಗು ಹತ್ತಿದ್ದು, ಸೇತುವೆ ಹತ್ತಿರದ ಮನೆಯಲ್ಲಿ ಯಾರ್ಯಾರಿದ್ದರು ಎನ್ನುವುದು... ಚಂದ್ರಕ್ಕನ ತವರು ಕುಂಬಳೆಯೋ ಬದಿಯಡ್ಕವೋ, ಅದು ಮಾತ್ರ ಅವರಿಗೆ ನೆನಪಿರಲಿಲ್ಲ. ಸತ್ತವಳ ಮೇಲೆ ಅಕ್ಕನಿಗೆ ಹೊಟ್ಟೆಕಿಚ್ಚು. ಯಾರಿಗಾದರೂ ಆಗುತ್ತದೆ.

ಆ ರಾತ್ರಿ ಒಳಗೆ ಬಂದರೆ ಭಾವ ಕಿಂಡಿಗೆ ಕಿವಿಯಿಟ್ಟು ಪಿಸುಗುಡುತ್ತಿದ್ದರು.

“ಯಾರ ಹತ್ರ ಮಾತಾಡ್ತಿದ್ದೀರಿ?”

“ಮೆಲ್ಲ... ಅವಳಿಗೆ ಆ ಊರಿಗೆ ಹೋಗ್ಬೇಕಂತೆ.”

“ಹೋಗ್ಲಿ,” ಎಂದಳು ಅಕ್ಕ.

ಭಾವ ಹೋಗಿ ಮಲಗಿದರು. ಅವರ ಗೊರಕೆ ಶುರುವಾದ ಮೇಲೆ ಅಕ್ಕ ಎದ್ದು ಕಿಂಡಿಯ ಚಿಲಕ ಎಳೆದಳು. ಕಿರ್ರ್... ಮುಚ್ಚಳ ತೆರೆಯಿತು. ಕಿವಿಯ ಪಕ್ಕದಲ್ಲೇ ಸುಯ್ ಎಂದು ಒಂದು ನಿಟ್ಟುಸಿರು ಹೊರಗೆ ಹೋಯಿತು. ಹೆಂಗಸಿನದು. ಇನ್ನು ಇವರು ನನ್ನವರು ಅಂತ ಅಕ್ಕನಿಗೆ ಖುಷಿಯೇ ಆಯಿತಂತೆ.

ಮುಚ್ಚಬೇಕು ಎನ್ನುವಷ್ಟರಲ್ಲಿ ಇನ್ನೊಂದು ಸದ್ದು. ಖ್ಹುಂ... ಗಂಟಲು ಸರಿಮಾಡಿಕೊಂಡದ್ದು. ಎಲ್ಲಿಗೆ ಹೊರಡುವಾಗಲೂ ಭಾವ ಹಾಗೆ ಮಾಡುತ್ತಿದ್ದರು. ಅಕ್ಕ ತಿರುಗಿ ನೋಡಿದಳು. ಭಾವ ಹಾಸಿಗೆಯಲ್ಲೇ ಇದ್ದರು. ಗೊರಕೆ ನಿಂತಿತ್ತು. ಉಸಿರೂ.

ಫೋನ್ ಬಂದ ಕೂಡಲೇ ನಾನು ಹತ್ತಿರದ ಉಳ್ಳೂರಿನಿಂದ ಓಡಿದೆ. ಅಕ್ಕ ಅಳುತ್ತಿರಲಿಲ್ಲ.

“ನನ್ನನ್ನು ಬೇಕಲ ಕೋಟೆಗೂ ಒಂದು ಸಲ ಕರ್ಕೊಂಡು ಹೋದವರಲ್ಲ,” ಎಂದಳು. “ಅವಳು ಹೊರಟ ಕೂಡ್ಲೇ ಹಿಂದೆಯೇ ಹೋದ್ರು.”

ನೀವು ನಂಬಿ, ಬಿಡಿ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಬೆಳಿಗ್ಗೆ ಬಂದ ಡಾಕ್ಟರು ಭಾವನ ಪಾದ ಮುಟ್ಟಿ ಕೈ ಹಿಂದೆಗೆದರು. ಮಾರ್ಚ್ ತಿಂಗಳ ಸೆಕೆ, ನಾವೆಲ್ಲ ಬೆವರುತ್ತಿದ್ದೆವು. ಕಾಲಿಗೆ ಮಾತ್ರ ಯಾಕೆ ಐಸ್ ಇಟ್ಟಿರಿ ಎಂದು ಕೇಳಿದರು. ನಾವು ಇಟ್ಟಿರಲಿಲ್ಲ.