ಜಲಪಾತದ ದಾರೀಲಿ ಬೆನ್ನು ತಟ್ಟಿದವರು

ಇನ್ನೂ ಸ್ವಲ್ಪ ಹತ್ತಿರ ಬನ್ನಿ, ಇದು ಜೋರಾಗಿ ಹೇಳೋ ಮಾತಲ್ಲ. ನನ್ನ ಮೈದುನನಿಗೇ ಆಗಿದ್ದು. ಅವನು ಬಿಡೋ ಬುರುಡೆಗಳನ್ನ ಮದುವೆಯಾಗಿ ಬಂದಾಗಿನಿಂದ ಕೇಳ್ತಾ ಇದೀನಿ, ಅವನ ಮುಖ ನೋಡಿದ್ರೇ ಗೊತ್ತಾಗುತ್ತೆ. ಇದು ಬುರುಡೆ ಅಲ್ಲ.

ಆವತ್ತು ರಾತ್ರಿ ಹನ್ನೊಂದೂವರೆ. ಬಾವಿ ಪಕ್ಕದ ದಾರೀಲಿ ಚಪ್ಪಲಿ ಸದ್ದು ಬಂತು. ಪಚಕ್... ಪಚಕ್... ನೆನೆದ ಚಪ್ಪಲಿ. ಬಾವಿ ಹತ್ರ ಬಂದು ನಿಂತುಹೋಯ್ತು. ಕಿಟಕಿ ತೆಗೆದು ನೋಡ್ತೀನಿ, ಮೈದುನ. ಮೈಯೆಲ್ಲ ನೀರು. ಕುತ್ತಿಗೆ ಆ ಕಡೆ ಈ ಕಡೆ ಅಲ್ಲಾಡಿಸ್ತಿಲ್ಲ.

"ಅತ್ತಿಗೆ," ಅಂತ ಪಿಸುಗುಟ್ಟಿದ. "ನನ್ನ ಹಿಂದೆ ಯಾರಾದ್ರೂ ಇದಾರಾ, ನೋಡಿ..."

ಯಾರೂ ಇರಲಿಲ್ಲ. ಹಾಗಂತ ಹೇಳಿದ ಮೇಲೇ ಅವನು ಒಳಗೆ ಬಂದಿದ್ದು.

ಅವನಿಗೆ ಜಲಪಾತದ ಕಾವಲು ಕೆಲಸ. ಜನ ಎಲ್ಲೆಲ್ಲಿಂದಲೋ ಬಂದು, ಏದುಸಿರು ಬಿಡ್ತಾ ಬೆಟ್ಟ ಹತ್ತಿ, ಫೋಟೋ ಹೊಡ್ಕೊಂಡು, ಮಂಡಿ ನೋವು ಅಂತ ಗೊಣಗ್ತಾ ಇಳೀತಾರೆ. ಸಂಜೆ ಮೇಲೆ ಯಾರೂ ಉಳಿದಿಲ್ಲ ಅಂತ ನೋಡ್ಕೊಂಡು ಬರೋರು ಇವನೂ ಗಿಡ್ಡನೂ. ಗಿಡ್ಡ ಇವನ ಜೊತೆ ಕೆಲಸ ಮಾಡೋನು. ಆರಡಿ ಆಳು, ಅದಕ್ಕೇ ಆ ಹೆಸರು.

ಇಳಿಯುವಾಗ ನೀರಿನ ಪಕ್ಕಕ್ಕೇ ಕಾಲು ಗಂಟೆ ನಡೀಬೇಕು. ಎರಡಡಿ ಅಗಲದ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಬ್ಬಿಣದ ಸರಪಳಿ. ನೀರಿನ ಭೋರ್ಗರೆತಕ್ಕೆ ಎಷ್ಟು ಕಿರುಚಿದ್ರೂ ಕೇಳಲ್ಲ. ಪಾಚಿ ಬೇರೆ, ಸುಮ್ಮನೆ ತಿರುಗಿ ನೋಡೋಕೆ ಹೋದ್ರೆ ಜಾರಿದ ಹಾಗೇ. ಅದಕ್ಕೆ ಇಬ್ಬರೂ ಒಂದು ಕರಾರು ಮಾಡ್ಕೊಂಡಿದ್ರು. ಹಿಂದಿರೋನು ಆಗಾಗ ಮುಂದಿರೋನ ಬೆನ್ನಿಗೆ ಎರಡು ಸಲ ತಟ್ಟಬೇಕು. ಟಪ್, ಟಪ್. ಅಂದ್ರೆ, ನಾನಿದೀನಿ, ನಡಿ ಅಂತ. ತಟ್ಟಲಿಲ್ಲ ಅಂದ್ರೆ ಮುಂದಿರೋನು ನಿಂತು ನೋಡಬೇಕು.

ಆವತ್ತು ಇಬ್ಬರಿಗೂ ಜಗಳ. ಮೈದುನ ಮಧ್ಯಾಹ್ನ ಗೊರಕೆ ಹೊಡೀತಾನೆ ಅಂತ ಗಿಡ್ಡ ಸಾಹೇಬರ ಹತ್ರ ಚಾಡಿ ಹೇಳಿದ್ದ. ಹೊಡೀತಾನೆ, ಸುಳ್ಳೇನಲ್ಲ. ಆದ್ರೂ ಜೊತೇಲಿ ಕೂತು ಉಣ್ಣೋನು ಹೇಳಬಾರದಿತ್ತು. ಮಾತಿಗೆ ಮಾತು ಬೆಳೆದು, ನೀನು ಸತ್ರೂ ತಿರುಗಿ ನೋಡಲ್ಲ ಅಂದುಬಿಟ್ಟಿದ್ದ ಇವನು.

ಕತ್ತಲಾಗ್ತಾ ಇಳಿಯೋಕೆ ಹೊರಟ್ರು. ಇವನು ಮುಂದೆ, ಮುಖ ಊದಿಸ್ಕೊಂಡು. ಬೆನ್ನಿಗೆ ಟಪ್, ಟಪ್... ಸ್ವಲ್ಪ ದೂರಕ್ಕೆ ಮತ್ತೆ ಟಪ್, ಟಪ್... ಹತ್ತು ಸಲವಾದ್ರೂ ಬಿದ್ದಿರಬೇಕು. ಕೆಳಗೆ ಬಂದ ಹಾಗೆ ನೀರಿನ ಸದ್ದು ತಗ್ಗಿತು, ಇವನ ಕೋಪಾನೂ ತಗ್ಗಿತು. ಹೋಗ್ಲಿ ಬಿಡೋ ಅಂತ ತಿರುಗಿದ.

ಹಿಂದೆ ಯಾರೂ ಇಲ್ಲ.

ಕೂಗಿದ. ಸರಪಳಿ ಮಾತ್ರ ಕಿಣಿ... ಕಿಣಿ... ಅಂತಿತ್ತು. ಟಾರ್ಚ್ ಹಿಡ್ಕೊಂಡು ವಾಪಸ್ ಓಡಿದ. ಮೇಲೆ, ಆ ದಾರಿ ಶುರುವಾಗೋ ಕಡೇನೇ, ಗಿಡ್ಡ ನೀರಲ್ಲಿದ್ದ. ಬಂಡೆ ಸಂದೀಲಿ ಸಿಕ್ಕಿ ಕಾಲು ಮುರಿದಿದೆ. ಎದೆ ಮಟ್ಟ ನೀರು. ಮೊದಲ ಹೆಜ್ಜೆ ಇಡೋ ಮುಂಚೇನೇ ಜಾರಿದ್ದನಂತೆ. ಕಿರುಚಿದ್ದನಂತೆ, ಸೀಟಿ ಊದಿದ್ದನಂತೆ. ಇವನು ಬಗ್ಗಿ ಅವನ ಬಾಯಿಗೆ ಕಿವಿ ಕೊಟ್ಟ.

"ಹೇಳಿದ ಹಾಗೇ ಮಾಡಿದೆ," ಅಂದ ಗಿಡ್ಡ. "ತಿರುಗಲೇ ಇಲ್ಲ ನೀನು."

ಇದನ್ನ ಹೇಳುವಾಗ ನನ್ನ ಮೈದುನ ಅತ್ತುಬಿಟ್ಟ. ನೀನೇ ತಟ್ಟಿದೆಯಲ್ಲೋ ಅಂತ ಎಷ್ಟು ಆಣೆ ಇಟ್ರೂ ಗಿಡ್ಡ ನಂಬಲಿಲ್ಲವಂತೆ. ಮುಖ ಆ ಕಡೆ ಮಾಡಿಕೊಂಡನಂತೆ.

ಹಾಗಂತ ಬಿಟ್ಟು ಬರೋಕಾಗುತ್ತಾ? ಕಲ್ಲು ಸರಿಸಿ, ಅವನನ್ನ ಎಳೆದು, ಬೆನ್ನ ಮೇಲೆ ಹಾಕ್ಕೊಂಡು ಟವೆಲಲ್ಲಿ ಸೊಂಟಕ್ಕೆ ಬಿಗಿದ. ಇವನು ಗುಬ್ಬಿ, ಅವನು ಆನೆ. ಟಾರ್ಚನ್ನ ಹಲ್ಲಲ್ಲಿ ಕಚ್ಚಿ, ಎರಡೂ ಕೈಲಿ ಸರಪಳಿ ಹಿಡಿದು, ಅಡ್ಡಡ್ಡ ಹೆಜ್ಜೆ ಇಡ್ತಾ ಬಂದ. ಗಿಡ್ಡನ ಬೆನ್ನ ಹಿಂದೆ ಬಂಡೆ ಬಿಟ್ರೆ ಬೇರೇನೂ ಇಲ್ಲ.

ಅರ್ಧ ದಾರಿ ಆಗಿರಬೇಕು... ಗಿಡ್ಡನ ತೋಳು ಇವನ ಕುತ್ತಿಗೆಗೆ ಬಿಗೀತು. ಕಿವಿಗೇ ಬಾಯಿಟ್ಟು ಕೇಳಿದ.

"ನಿನ್ನ ಕೈ ಎಲ್ಲಿದೆ?"

ಇವನು ಮುಖ ಬಗ್ಗಿಸಿ ಟಾರ್ಚ್ ಬೆಳಕು ಬಿಟ್ಟ. ಎರಡೂ ಕೈ ಸರಪಳಿ ಮೇಲೆ. ಗಿಡ್ಡ ಅದನ್ನ ನೋಡಿ, ಮತ್ತೆ ಇವನ ಕಿವಿಗೆ ಬಾಯಿಟ್ಟ.

"ನನ್ನ ಬೆನ್ನಿಗೆ ತಟ್ತಾ ಇದಾರೆ ಕಣೋ... ಎರಡೆರಡು ಸಲ. ತಿರುಗಬೇಡ. ನಡಿ."

ಕೆಳಗೆ ಮುಟ್ಟೋವರೆಗೂ ಇವನು ತಿರುಗಲಿಲ್ಲ. ಆಸ್ಪತ್ರೇಲಿ ಮಲಗಿಸಿದ ಮೇಲೆ ಗಿಡ್ಡ ಇವನ ಕೈ ಹಿಡ್ಕೊಂಡು, ನೀನು ಹೇಳಿದ್ದನ್ನ ನಂಬಿದೀನಿ ಅಂದನಂತೆ. ಇವನಿಗೆ ಹೋದ ಜೀವ ಬಂದ ಹಾಗಾಯ್ತು.

ಗಿಡ್ಡನ ಒದ್ದೆ ಶರ್ಟನ್ನ ಇವನೇ ತಂದಿದ್ದ, ಒಗೆದು ಕೊಡ್ತೀನಿ ಅಂತ. ಒಗೆಯೋಳು ನಾನು ತಾನೆ? ಬಚ್ಚಲಲ್ಲಿ ಹಿಂಡಿದೆ. ಕಾಲರ್ ಒದ್ದೆ, ತೋಳು ಒದ್ದೆ... ಬೆನ್ನ ನಡುವೆ ಒಂದು ಅಂಗೈ ಅಗಲ ಮಾತ್ರ ಒಣಗಿತ್ತು. ಬಕೆಟ್ಟಲ್ಲಿ ಮುಳುಗಿಸಿ ತೆಗೆದೆ. ಆಗಲೂ ಅಷ್ಟು ಜಾಗ ಒಣಗಿಯೇ ಇತ್ತು. ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ಈ ಕೈಯಲ್ಲೇ ಹಿಂಡಿದೀನಿ. ಅದರ ಮೇಲೆ ನನ್ನ ಅಂಗೈ ಇಟ್ಟೂ ನೋಡಿದೆ... ಅದು ನನ್ನದಕ್ಕಿಂತ ಚಿಕ್ಕದು.